ಮನೆಗೆ ಜಿಮ್ ಯಂತ್ರವೋ, ಬಿಡಿ ತೂಕವೋ? ಹಣ ಕೊಡುವ ಮುನ್ನ ಅಳೆದು ನೋಡುವ ಬಗೆ

ಕ್ರೀಡಾ ಸಾಮಗ್ರಿಯ ಅಂಗಡಿಗೆ ಹೋಗಿ ‘ಮನೆಯಲ್ಲೇ ವ್ಯಾಯಾಮ ಮಾಡಬೇಕು, ಏನಾದರೂ ತೋರಿಸಿ’ ಎಂದು ಕೇಳಿದರೆ, ಮಾರಾಟಗಾರರು ಮೊದಲು ಕರೆದೊಯ್ಯುವುದು ಸೀಟು, ಕೇಬಲ್, ರಾಟೆ, ತೂಕದ ಅಟ್ಟಿ ಎಲ್ಲವೂ ಒಂದೇ ಚೌಕಟ್ಟಿನಲ್ಲಿರುವ ಮಲ್ಟಿ-ಜಿಮ್ ಕಡೆಗೆ. ಡಂಬೆಲ್, ರಾಡು, ಪ್ಲೇಟು ಎಂಬ ಬಿಡಿ ತೂಕಗಳು ಗೋಡೆಯ ಬುಡದಲ್ಲಿ ಸಾಲಾಗಿ ಕುಳಿತಿರುತ್ತವೆ; ಕಿಲೋ ಲೆಕ್ಕದಲ್ಲಿ ಮಾರಾಟವಾಗುವ ಈ ಸರಕಿನ ಬಗ್ಗೆ ಹೆಚ್ಚು ಮಾತನಾಡುವ ಉಮೇದು ಅಂಗಡಿಯವರಿಗೂ ಇರುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಮನೆಗಳಿಗೆ ಆ ಗೋಡೆಯ ಬುಡದ ಸರಕೇ ಸರಿಯಾದ ಖರೀದಿ. ಆದರೆ ಯಂತ್ರವೇ ಮೇಲೆನಿಸುವ ಮನೆಗಳೂ ಇವೆ. ನಿಮ್ಮ ಮನೆ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಅಳತೆಪಟ್ಟಿ ಮತ್ತು ಸ್ವಲ್ಪ ಲೆಕ್ಕಾಚಾರದಿಂದ ನೀವೇ ಕಂಡುಕೊಳ್ಳಬಹುದು.

ಮೊದಲು ಉದ್ದೇಶವನ್ನು ಬರೆದಿಟ್ಟುಕೊಳ್ಳಿ

ವಯಸ್ಕರು ವಾರದಲ್ಲಿ ಕನಿಷ್ಠ 2 ದಿನ ಪ್ರಮುಖ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೆ ಐದು ಬಗೆಯ ಚಲನೆಗಳು ಸಾಕು: ಬಸ್ಕಿಯಂತೆ ಕುಳಿತು ಏಳುವುದು, ಸೊಂಟದಿಂದ ಬಾಗಿ ನೆಲದಿಂದ ಎತ್ತುವುದು, ಮುಂದಕ್ಕೆ ಅಥವಾ ಮೇಲಕ್ಕೆ ತಳ್ಳುವುದು, ಎದೆಯ ಕಡೆಗೆ ಎಳೆಯುವುದು, ಮೇಲಿನಿಂದ ಕೆಳಕ್ಕೆ ಎಳೆಯುವುದು. ಮೊದಲ ನಾಲ್ಕನ್ನು ಬಿಡಿ ತೂಕದಿಂದ ಸಲೀಸಾಗಿ ಮಾಡಬಹುದು. ಐದನೆಯದರಲ್ಲಿ ಮಾತ್ರ ಯಂತ್ರಕ್ಕೆ ನಿಜವಾದ ಮೇಲುಗೈ ಇದೆ, ಏಕೆಂದರೆ ಡಂಬೆಲ್ಲಿನ ತೂಕ ಸದಾ ನೆಲದ ಕಡೆಗೇ ಜಗ್ಗುತ್ತದೆ. ಆ ದಿಕ್ಕನ್ನು ತಿರುಗಿಸಲು ರಾಟೆ ಬೇಕು.

ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಸ್ನಾಯುಗಳ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣುವುದಿಲ್ಲ. ಬಲದ ವಿಷಯದಲ್ಲಿ ಮಾತ್ರ ಯಾವುದರಲ್ಲಿ ಅಭ್ಯಾಸ ಮಾಡಿದ್ದೇವೋ ಅದರಲ್ಲೇ ಪರೀಕ್ಷಿಸಿದಾಗ ಹೆಚ್ಚು ಪ್ರಗತಿ ಕಾಣುತ್ತದೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ದಾರಿಯಲ್ಲಿ ಹೋಗಬೇಕೆನ್ನುವ ಹುಡುಗನಿಗೆ ಮಲ್ಟಿ-ಜಿಮ್ ಕೊಡಿಸಿ ಪ್ರಯೋಜನವಿಲ್ಲ. ಅಷ್ಟು ದೂರ ಹೋಗದಿದ್ದರೂ, ಅನಿಲವೇ 14.2 ಕೆಜಿ ಇದ್ದು ಒಟ್ಟಾರೆ ಸುಮಾರು 30 ಕೆಜಿ ತೂಗುವ ಅಡುಗೆ ಸಿಲಿಂಡರನ್ನು ಬಾಗಿಲಿನಿಂದ ಅಡುಗೆಮನೆಗೆ ಒಯ್ಯುವ ಸಾಮರ್ಥ್ಯ ಬೇಕೆನ್ನುವವರಿಗೂ ಬಿಡಿ ತೂಕವೇ ಹತ್ತಿರದ ಅಭ್ಯಾಸ. ಸಿಲಿಂಡರಿಗೆ ಹಳಿಯೂ ಇಲ್ಲ, ಸೀಟೂ ಇಲ್ಲ.

ಭಾರ ಎಲ್ಲಿಂದ ಬರುತ್ತಿದೆ ಎಂದು ನೋಡಿ

ಖರೀದಿದಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ಹೋಮ್ ಜಿಮ್’ ಎಂಬ ಒಂದೇ ಹೆಸರಿನಡಿ ತೀರ ಬೇರೆ ಬೇರೆ ತತ್ತ್ವದ ಯಂತ್ರಗಳು ಮಾರಾಟವಾಗುತ್ತವೆ. ಕಬ್ಬಿಣದ ಅಟ್ಟಿಗೆ ಕೇಬಲ್ ಕಟ್ಟಿ ಎಳೆಯುವ ಯಂತ್ರದಲ್ಲಿ ಭಾರ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಅಮೆರಿಕದ ಬೋಫ್ಲೆಕ್ಸ್ ಪ್ರಸಿದ್ಧಗೊಳಿಸಿದ ಬಾಗುವ ಕಡ್ಡಿಗಳ ಯಂತ್ರದಲ್ಲಿಯೂ, ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿಯ ಯಂತ್ರಗಳಲ್ಲಿಯೂ ಎಳೆದಷ್ಟೂ ಭಾರ ಏರುತ್ತದೆ. ಆರಂಭದಲ್ಲಿ ಹಗುರ, ಕೊನೆಯಲ್ಲಿ ಬಿಗಿ. ಜಾರುಹಲಗೆಯ ಮೇಲೆ ಮಲಗಿ ಸ್ವಂತ ದೇಹವನ್ನೇ ಎಳೆದುಕೊಳ್ಳುವ ಯಂತ್ರದಲ್ಲಿ ಹಲಗೆಯ ಓರೆ ಹೆಚ್ಚಿದಂತೆ ಭಾರ ಹೆಚ್ಚುತ್ತದೆ, ಆದರೆ ಅದು ನಿಮ್ಮ ತೂಕದ ಒಂದು ಪಾಲನ್ನು ದಾಟುವುದಿಲ್ಲ. ಗೋಡೆಗೆ ಬಿಗಿಯುವ ವಿದ್ಯುತ್ಕಾಂತೀಯ ಯಂತ್ರಗಳು ಇತ್ತೀಚಿನವು. 2018ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಟೋನಲ್‌ನ ಮೊದಲ ಮಾದರಿಯ ಗರಿಷ್ಠ ಭಾರ ಎರಡೂ ಕೈಗಳದ್ದು ಸೇರಿ ಸುಮಾರು 90 ಕೆಜಿ.

ರಬ್ಬರಿಗೂ ಕಬ್ಬಿಣಕ್ಕೂ ಏನು ವ್ಯತ್ಯಾಸ ಎಂದು ಕೇಳುವವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅನುಭವವನ್ನು ಗಮನಿಸಬಹುದು. ಅಲ್ಲಿ ಕಬ್ಬಿಣಕ್ಕೆ ತೂಕವೇ ಇಲ್ಲದ ಕಾರಣ, ಮೊದಲ ವರ್ಷಗಳಲ್ಲಿ ರಬ್ಬರಿನಂತೆ ಹಿಗ್ಗುವ ವಸ್ತುವಿನಿಂದ ಸುಮಾರು 136 ಕೆಜಿವರೆಗಿನ ಭಾರ ಕೊಡುವ ಯಂತ್ರವನ್ನು ಇಟ್ಟಿದ್ದರು. ಗಗನಯಾತ್ರಿಗಳ ಮೂಳೆ ಸವೆಯುವುದನ್ನು ಅದು ಸಾಕಷ್ಟು ತಡೆಯಲಿಲ್ಲ. 2008ರ ನವೆಂಬರಿನಲ್ಲಿ ಎಂಡೆವರ್ ನೌಕೆಯಲ್ಲಿ ಕಳುಹಿಸಿದ ಹೊಸ ಯಂತ್ರದಲ್ಲಿ ನಿರ್ವಾತದ ಸಿಲಿಂಡರುಗಳಿಂದ ಸುಮಾರು 272 ಕೆಜಿವರೆಗೆ ಒಂದೇ ಸಮನಾದ ಭಾರ ಬರುವಂತೆ ಮಾಡಿ, ಜೊತೆಗೆ ತಿರುಗುವ ಚಕ್ರಗಳನ್ನು ಜೋಡಿಸಿ, ಭೂಮಿಯ ಮೇಲೆ ಬಾರ್ಬೆಲ್ (ಎರಡೂ ತುದಿಗೆ ಪ್ಲೇಟು ಹಾಕಿದ ಉದ್ದನೆಯ ರಾಡು) ಎತ್ತಿದ ಅನುಭವವನ್ನೇ ಅನುಕರಿಸಿದರು. ಸರಿಯಾದ ಆಹಾರದೊಂದಿಗೆ ಅದನ್ನು ಬಳಸಿದವರ ಮೂಳೆಗಳು ಹಿಂದಿನವರಿಗಿಂತ ಚೆನ್ನಾಗಿ ಉಳಿದವು. ಗರಿಷ್ಠ ಭಾರವೂ ದುಪ್ಪಟ್ಟಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ಸಮನಾದ ಭಾರಕ್ಕೇ ಕೊಡುವಂತಿಲ್ಲ. ಆದರೂ ಅಷ್ಟು ಹಣವಿದ್ದ ಸಂಸ್ಥೆ ಬಾರ್ಬೆಲ್ಲನ್ನೇ ಮಾದರಿಯಾಗಿ ಆರಿಸಿಕೊಂಡಿತಲ್ಲ ಎಂದು ನನಗೆ ಅನ್ನಿಸುತ್ತದೆ. ಭೂಮಿಯ ಮೇಲಿರುವ ನಮಗೆ ಗುರುತ್ವಾಕರ್ಷಣೆ ಪುಕ್ಕಟೆ ಸಿಗುತ್ತದೆ.

ಅಟ್ಟಿಯ ಮೇಲಿನ ಅಂಕಿಯನ್ನು ಪರೀಕ್ಷಿಸಿ

ಯಂತ್ರದ ಮೇಲೆ 70 ಕೆಜಿ ಎಂದು ಬರೆದಿದ್ದರೆ ನಿಮ್ಮ ಕೈಗೆ 70 ಕೆಜಿ ಬರುತ್ತದೆಂದು ಭಾವಿಸಬೇಡಿ. ತೂಕದ ಜೊತೆ ಮೇಲೇರುವ ರಾಟೆಯೊಂದು ಮಧ್ಯದಲ್ಲಿದ್ದರೆ ಭಾರ ಅರ್ಧವಾಗಿಬಿಡುತ್ತದೆ. ಅಂಗಡಿಯಲ್ಲೇ ಇದನ್ನು ಪತ್ತೆ ಹಚ್ಚುವ ಸುಲಭ ಉಪಾಯವಿದೆ. ಹಿಡಿಯನ್ನು ನಿಧಾನವಾಗಿ 60 ಸೆಂ.ಮೀ. ಎಳೆಯಿರಿ, ಅಟ್ಟಿ ಎಷ್ಟು ಏರಿತೆಂದು ಇನ್ನೊಬ್ಬರಿಂದ ಅಳೆಸಿ. ಅಟ್ಟಿಯೂ 60 ಸೆಂ.ಮೀ. ಏರಿದರೆ ಅಂಕಿ ನಿಜ, 30 ಸೆಂ.ಮೀ. ಮಾತ್ರ ಏರಿದರೆ 70 ಕೆಜಿಯ ಯಂತ್ರ ನಿಮ್ಮ ಪಾಲಿಗೆ 35 ಕೆಜಿಯದು. ಎದೆ ಮುಂದಿನ ತಳ್ಳುಗೋಲಿನಲ್ಲಿ ಸನ್ನೆಯ ಉದ್ದವೂ ಸೇರಿಕೊಳ್ಳುವುದರಿಂದ, ಒಂದೇ ಯಂತ್ರದ ಎರಡು ಜಾಗಗಳಲ್ಲಿ ಒಂದೇ ಅಂಕಿ ಬೇರೆ ಬೇರೆ ಭಾರವನ್ನು ಸೂಚಿಸಬಹುದು.

ನಂತರ ಅದೇ ಹಿಡಿಯನ್ನು ತೀರ ನಿಧಾನವಾಗಿ ಹಿಂದಕ್ಕೆ ಬಿಡಿ. ನಡುವೆ ತಡೆದು ತಡೆದು ಇಳಿದರೆ ರಾಟೆಯಲ್ಲಿ ಅಥವಾ ಹಳಿಯಲ್ಲಿ ಘರ್ಷಣೆ ಹೆಚ್ಚಿದೆ ಎಂದರ್ಥ. ಘರ್ಷಣೆ ಎಳೆಯುವಾಗ ಭಾರವನ್ನು ಹೆಚ್ಚಿಸುತ್ತದೆ, ಬಿಡುವಾಗ ತಗ್ಗಿಸುತ್ತದೆ. ಸ್ನಾಯುವಿಗೆ ಇಳಿಸುವ ಹಂತವೂ ಮುಖ್ಯವಾದ್ದರಿಂದ ಇದು ಸಣ್ಣ ದೋಷವಲ್ಲ. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿರುಕಿದೆಯೇ ನೋಡಿ, ಬದಲಿ ಕೇಬಲ್ ಎಲ್ಲಿ ಸಿಗುತ್ತದೆಂದು ಕೇಳಿ. ಬೋಫ್ಲೆಕ್ಸ್‌ನಂತಹ ಹೆಸರಾಂತ ಕಂಪನಿಯೇ 2024ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿ ತೈವಾನಿನ ಜಾನ್ಸನ್ ಹೆಲ್ತ್ ಟೆಕ್‌ನ ಪಾಲಾಯಿತು. ಅದರ ಡಯಲ್ ತಿರುಗಿಸಿ ತೂಕ ಬದಲಿಸುವ ಡಂಬೆಲ್ಲುಗಳಲ್ಲಿ ಬಳಸುತ್ತಿರುವಾಗಲೇ ಪ್ಲೇಟು ಕಳಚಿ ಬೀಳಬಹುದೆಂಬ ಕಾರಣಕ್ಕೆ 2025ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ ಡಂಬೆಲ್ಲುಗಳನ್ನು ಹಿಂದಕ್ಕೆ ಕರೆಸಲಾಯಿತು. ಡಂಬೆಲ್ ಎಂದು ಹೆಸರಿದ್ದ ಮಾತ್ರಕ್ಕೆ ಅದು ಸರಳ ವಸ್ತುವಾಗಿ ಉಳಿಯುವುದಿಲ್ಲ. ಒಳಗೆ ಬೀಗ, ಹಲ್ಲುಚಕ್ರಗಳು ಸೇರಿದರೆ ಅದೂ ಯಂತ್ರವೇ.

ಮನೆಯನ್ನು ಅಳೆಯಿರಿ

ಫ್ಲ್ಯಾಟಿನಲ್ಲಿರುವವರು ಮೊದಲು ಕೇಳುವ ಪ್ರಶ್ನೆ ‘ನೆಲ ತಡೆದೀತೇ?’ ಎಂಬುದು. ನಮ್ಮ ದೇಶದ ಮಾನದಂಡದಂತೆ ವಾಸದ ಕೋಣೆಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕೆಜಿಯ ಬಳಕೆ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಬೇಸಿಗೆಯಲ್ಲಿ ನೀರಿಗೆಂದು ತುಂಬಿಡುವ 200 ಲೀಟರಿನ ಡ್ರಮ್ಮು ಕಾಲು ಚದರ ಮೀಟರಿನಷ್ಟು ಜಾಗದಲ್ಲೇ 200 ಕೆಜಿಯನ್ನು ಇಳಿಸಿರುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ. ಎರಡು ಚದರ ಮೀಟರಿನಲ್ಲಿ ಹರಡಿಕೊಂಡ ಯಂತ್ರವಾಗಲಿ, 80 ಕೆಜಿ ಪ್ಲೇಟುಗಳಾಗಲಿ ಗಟ್ಟಿ ಕಟ್ಟಡಕ್ಕೆ ದೊಡ್ಡ ಹೊರೆಯಲ್ಲ. ತೊಂದರೆ ಬರುವುದು ತೂಕವನ್ನು ಎತ್ತಿ ಹಾಕಿದಾಗ: ಟೈಲ್ಸ್ ಒಡೆಯುತ್ತದೆ, ಕೆಳಮನೆಯವರು ಮೇಲೆ ಬರುತ್ತಾರೆ. ಈ ಒಂದು ವಿಷಯದಲ್ಲಿ ಯಂತ್ರ ಶಾಂತ ಸ್ವಭಾವದ್ದು. ಬಿಡಿ ತೂಕ ತರುವವರು ದಪ್ಪ ರಬ್ಬರ್ ಹಾಸನ್ನೂ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು, ತೂಕವನ್ನು ಇಳಿಸುವುದನ್ನೂ ಕಲಿಯಬೇಕು.

ಯಂತ್ರಕ್ಕೆ ನೆಲದ ಅಳತೆಯಷ್ಟೇ ಸಾಲದು. ಸೂರಿನ ಎತ್ತರ, ಫ್ಯಾನಿನ ರೆಕ್ಕೆ, ಲಿಫ್ಟಿನ ಬಾಗಿಲು, ಸುತ್ತ ಕೈಕಾಲು ಚಾಚುವ ಜಾಗ ಎಲ್ಲವನ್ನೂ ಅಳೆಯಿರಿ. ಬಾಡಿಗೆ ಮನೆಯವರು ಮುಂದಿನ ಮನೆ ಬದಲಾವಣೆಯನ್ನೂ ನೆನೆಯಲಿ. ನೂರಾರು ಬೋಲ್ಟುಗಳ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸುವುದು ಬೇರೆಯೇ ವ್ಯಾಯಾಮ. ಪ್ಲೇಟುಗಳನ್ನು ಹೊತ್ತೊಯ್ದರಾಯಿತು, ಏನೂ ಬೇಡವೆನಿಸಿದರೂ ಎರಕದ ಕಬ್ಬಿಣಕ್ಕೆ ಗುಜರಿಯಲ್ಲಾದರೂ ಬೆಲೆ ಇದ್ದೇ ಇರುತ್ತದೆ.

ಬಿಡಿ ತೂಕ ಕೊಳ್ಳುವ ಕ್ರಮ

ಆರಂಭಕ್ಕೆ ಪ್ಲೇಟು ಹಾಕುವ ಎರಡು 14 ಇಂಚಿನ ಡಂಬೆಲ್ ರಾಡು, ಒಂದು 5 ಅಡಿಯ ನೇರ ರಾಡು, 1.25, 2.5 ಮತ್ತು 5 ಕೆಜಿಯ ಪ್ಲೇಟುಗಳು ಸೇರಿ ಒಟ್ಟು 40 ಕೆಜಿ ಇದ್ದರೆ ಸಾಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪಿವಿಸಿ ಪ್ಲೇಟುಗಳ ಒಳಗೆ ಸಿಮೆಂಟಿನಂತಹ ಮಿಶ್ರಣ ತುಂಬಿರುತ್ತದೆ. ಅವು ದಪ್ಪವಾಗಿರುವುದರಿಂದ ರಾಡಿನ ತುದಿಯಲ್ಲಿ ಬೇಗ ಜಾಗ ಮುಗಿಯುತ್ತದೆ, ಬಿದ್ದರೆ ಹೊದಿಕೆ ಸೀಳಿ ಪುಡಿ ಉದುರುತ್ತದೆ. ಎರಕದ ಕಬ್ಬಿಣ ಅಥವಾ ರಬ್ಬರ್ ಹೊದಿಸಿದ ಕಬ್ಬಿಣಕ್ಕೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು. ಕರಾವಳಿಯ ತೇವದಲ್ಲಿ ಬರಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿನವರಿಗೆ ರಬ್ಬರಿನದ್ದೇ ವಾಸಿ. ಸ್ಪರ್ಧೆಯ ರಾಡಿನ ತುದಿ 50 ಮಿ.ಮೀ. ದಪ್ಪ, ಮನೆಬಳಕೆಯದ್ದು ಅದರ ಅರ್ಧದ ಆಸುಪಾಸು. ಮುಂದೆ ಪ್ಲೇಟು ಕೊಳ್ಳುವಾಗ ತೂತಿನ ಅಳತೆ ತಪ್ಪದಂತೆ ಈಗಲೇ ಬರೆದಿಟ್ಟುಕೊಳ್ಳಿ. ಖಾಲಿ ರಾಡಿನ ತೂಕ ತಿಳಿಯದಿದ್ದರೆ ಅದನ್ನು ಹಿಡಿದು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆಯಿರಿ.

ಬೆಂಚು ಎರಡನೆಯ ಖರೀದಿ. ಅದರ ಮೇಲೆ ಬರೆದ ಭಾರದ ಮಿತಿಯಲ್ಲಿ ಸಾಮಾನ್ಯವಾಗಿ ಮಲಗುವವರ ತೂಕವೂ ಸೇರಿರುತ್ತದೆ; 70 ಕೆಜಿಯ ವ್ಯಕ್ತಿ 60 ಕೆಜಿ ಎತ್ತಿದರೆ ಬೆಂಚಿಗೆ 130 ಕೆಜಿ.

ಮೇಲಿನಿಂದ ಎಳೆಯುವ ವ್ಯಾಯಾಮಕ್ಕೆ ಹಳೆಯ ಮನೆಗಳಲ್ಲಿ ಒಂದು ಅನುಕೂಲವಿದೆ. ಉಯ್ಯಾಲೆಗೆಂದು ಸೂರಿನಲ್ಲಿ ಬಿಟ್ಟ ಕಬ್ಬಿಣದ ಕೊಂಡಿ ಭದ್ರವಾಗಿದ್ದರೆ, ಅದಕ್ಕೊಂದು ರಾಟೆ ತೂಗಿಸಿ, ಹಗ್ಗದ ಒಂದು ತುದಿಗೆ ಪ್ಲೇಟು, ಇನ್ನೊಂದಕ್ಕೆ ಹಿಡಿ ಕಟ್ಟಿದರೆ ಯಂತ್ರದ ಏಕೈಕ ಮೇಲುಗೈಯೂ ಕೈಗೆ ಸಿಕ್ಕಂತೆ. ಎಳೆಯುವಾಗ ಕೊಂಡಿಯ ಮೇಲೆ ತೂಕದ ಎರಡು ಪಟ್ಟು ಬೀಳುತ್ತದೆ ಎಂಬುದು ನೆನಪಿರಲಿ. ಫ್ಯಾನಿನ ಕೊಂಡಿಯನ್ನು ಇದಕ್ಕೆ ಬಳಸಲೇಬಾರದು. ಕೊಂಡಿ ಇಲ್ಲದವರು ಕಾಂಕ್ರೀಟಿಗೆ ಬೋಲ್ಟು ಹಾಕಿ ಬಿಗಿದ ಪುಲ್-ಅಪ್ ಕಂಬಿಯನ್ನು ಬಳಸಬಹುದು. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಸಿಕ್ಕಿಸುವ ಕಂಬಿಗಳನ್ನು ನಾನು ನಂಬುವುದಿಲ್ಲ.

ಯಂತ್ರ ಯಾರಿಗೆ ತಕ್ಕದ್ದು?

ಮಂಡಿ ಅಥವಾ ಭುಜದ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತ ಫಿಸಿಯೋಥೆರಪಿಸ್ಟರ ಸಲಹೆಯಂತೆ ನಿಗದಿತ ದಾರಿಯಲ್ಲೇ ಚಲಿಸಬೇಕಾದವರಿಗೆ, ತೂಕ ಕೈಜಾರೀತೆಂಬ ಭಯವಿರುವ ಹಿರಿಯರಿಗೆ, ಮತ್ತು ತಂದೆ, ತಾಯಿ, ಮಗಳು ಒಬ್ಬರಾದ ಮೇಲೊಬ್ಬರು ಬೇರೆ ಬೇರೆ ಭಾರದಲ್ಲಿ ಅಭ್ಯಾಸ ಮಾಡುವ ಮನೆಗೆ ಯಂತ್ರ ತಕ್ಕದ್ದು. ಅಟ್ಟಿಗೆ ಸಿಕ್ಕಿಸಿದ ಪಿನ್ನಿನ ಜಾಗ ಬದಲಿಸಿದರೆ ಕ್ಷಣದಲ್ಲಿ ತೂಕ ಬದಲಾಗುತ್ತದೆ. ಆದರೆ 65 ದಾಟಿದವರಿಗೆ ವಾರಕ್ಕೆ 3 ದಿನ ಸಮತೋಲನದ ವ್ಯಾಯಾಮವೂ ಬೇಕೆನ್ನುತ್ತಾರೆ. ಸೀಟಿನ ಮೇಲೆ ಕುಳಿತು ಎಳೆಯುವುದರಿಂದ ಅದು ದಕ್ಕುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಎರಡರಲ್ಲಿ ಯಾವುದನ್ನೇ ಆರಂಭಿಸುವ ಮುನ್ನ ವೈದ್ಯರನ್ನು ಕಾಣಬೇಕು.

ಮೊದಲ ಮೂರು ತಿಂಗಳು

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ತೂಕ, ಎಷ್ಟು ಸಲ ಎಂಬುದನ್ನು ಬರೆಯುತ್ತ ಹೋಗಿ. ನಿಗದಿಪಡಿಸಿದ ಎಣಿಕೆಗಿಂತ ಒಂದೆರಡು ಹೆಚ್ಚು ಮಾಡಲು ಸಾಧ್ಯವಾದಾಗ ಶೇ 2ರಿಂದ 10ರಷ್ಟು ತೂಕ ಏರಿಸುವುದು ಒಪ್ಪಿತ ಕ್ರಮ. 30 ಕೆಜಿ ರಾಡಿಗೆ ಎರಡು ಬದಿ 1.25 ಕೆಜಿ ಸೇರಿಸಿದರೆ ಶೇ 8ರಷ್ಟಾಯಿತು, ಸರಿಯಾಗಿದೆ. 5 ಕೆಜಿ ಅಂತರದ ಅಟ್ಟಿಯಲ್ಲಿ 10 ಕೆಜಿ ಎಳೆಯುವವರು ಮುಂದಿನ ಮೆಟ್ಟಿಲಿಗೆ ಒಮ್ಮೆಲೇ ಶೇ 50 ಜಿಗಿಯಬೇಕಾಗುತ್ತದೆ. ಡಂಬೆಲ್ಲಿನಲ್ಲೂ ಈ ಸಮಸ್ಯೆ ಪೂರ್ತಿ ತಪ್ಪುವುದಿಲ್ಲ: 10 ಕೆಜಿಯದಕ್ಕೆ ಎರಡು ಬದಿ 1.25 ಸೇರಿದರೆ ಶೇ 25. ಆಗ ಎಣಿಕೆಯನ್ನು 15ರವರೆಗೆ ಒಯ್ದು ಆಮೇಲೆ ತೂಕ ಏರಿಸಿ, ಇಲ್ಲವೇ ಮಣಿಕಟ್ಟಿಗೆ ಕಟ್ಟುವ ಅರ್ಧ ಕೆಜಿಯ ಪಟ್ಟಿಯನ್ನು ನಡುವಿನ ಮೆಟ್ಟಿಲಾಗಿ ಬಳಸಿ.

ಒಬ್ಬರೇ ಇರುವಾಗ ಬೆಂಚಿನ ಮೇಲೆ ಮಲಗಿ ರಾಡು ಎತ್ತಬೇಡಿ. ಆ ವ್ಯಾಯಾಮಕ್ಕೆ ಡಂಬೆಲ್ ಬಳಸಿದರೆ, ಕೈ ಸೋತಾಗ ಎರಡು ಬದಿಗೆ ಇಳಿಸಬಹುದು. ಮೂರು ತಿಂಗಳ ನಂತರವೂ ಯಂತ್ರದ ಆಸೆ ಉಳಿದಿದ್ದರೆ ಆ ನೋಟ್‌ಬುಕ್ಕನ್ನು ಅಂಗಡಿಗೆ ಒಯ್ಯಿರಿ. ಹಿಡಿ ಮತ್ತು ಅಟ್ಟಿಯ ಅಳತೆಯಿಂದ ಕಂಡುಕೊಂಡ ನಿಜವಾದ ಗರಿಷ್ಠ ಭಾರ, ನೀವು ಕೊನೆಯದಾಗಿ ಬರೆದ ತೂಕದ ಎರಡರಷ್ಟಾದರೂ ಇಲ್ಲದಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟುಬನ್ನಿ.