ಮಾಂಟ್ರಿಯಲ್‌ನಿಂದ ತುಪ್ಪಳಕ್ಕೊಂದು ದೋಣಿ: ನ್ಯೂ ಫ್ರಾನ್ಸ್‌ನಲ್ಲಿ ವ್ಯಾಪಾರ ನಡೆಸುತ್ತಿದ್ದ ಕ್ರಮ

ಕೆನಡಾದ ಫ್ರೆಂಚ್ ವಸಾಹತಿನಲ್ಲಿ ತುಪ್ಪಳದ ವ್ಯಾಪಾರಕ್ಕೆ ಇಳಿಯುವವನಿಗೆ ಎರಡು ಲೆಕ್ಕ ಬಾಯಿಪಾಠವಾಗಿರಬೇಕು: ಒಬ್ಬ ಆಳು ಬೆನ್ನ ಮೇಲೆ ಹೊರಬಲ್ಲ ತೂಕ, ಮತ್ತು ನದಿಯಲ್ಲಿ ಮಂಜುಗಡ್ಡೆಯಿಲ್ಲದ ದಿನಗಳು. ಬೆಲೆಯ ಮಾತು ಆಮೇಲೆ. ನದಿ ಕೆರೆಗಳಲ್ಲಿ ಬಾಳುವ ಬೀವರ್ ಎಂಬ ದಂಶಕದ ತೊಗಲಿನ ಬೆಲೆಯಂತೂ ಅವನ ಕೈಯಲ್ಲೇ ಇಲ್ಲ. ಅದನ್ನು ಬೀವರ್ ರಫ್ತಿನ ಏಕಸ್ವಾಮ್ಯ ಹೊಂದಿದ್ದ ಫ್ರೆಂಚ್ ಕಂಪನಿ ಗೊತ್ತುಮಾಡುತ್ತದೆ. ಇಲ್ಲಿ ಹೇಳುವ ಕ್ರಮ 1730ರ ದಶಕದ್ದು. ಒಂದು ದೋಣಿ ಮೇ ತಿಂಗಳಲ್ಲಿ ಮಾಂಟ್ರಿಯಲ್ ಬಿಟ್ಟು, ಹ್ಯೂರಾನ್ ಮತ್ತು ಮಿಚಿಗನ್ ಸರೋವರಗಳು ಕೂಡುವ ಮಿಚಿಲಿಮ್ಯಾಕಿನಾಕ್‌ಗೆ ಹೋಗಿ, ಕ್ವಿಬೆಕ್‌ನಿಂದ ಹಡಗುಗಳು ಫ್ರಾನ್ಸಿಗೆ ಹೊರಡುವ ಮೊದಲೇ ತೊಗಲಿನೊಂದಿಗೆ ಹಿಂದಿರುಗಬೇಕು.

ಮೊದಲು ಪರವಾನಗಿ

ಪರವಾನಗಿಗೆ ಫ್ರೆಂಚರು ಕೊಂಜೆ ಎನ್ನುತ್ತಿದ್ದರು. 1681ರಲ್ಲಿ ಇದು ಶುರುವಾದಾಗ ವರ್ಷಕ್ಕೆ 25 ಕೊಂಜೆ, ಒಂದಕ್ಕೆ ಒಂದು ದೋಣಿ, ಮೂವರು ಆಳು. ಯುರೋಪಿನಲ್ಲಿ ಕೊಳ್ಳುವವರಿಲ್ಲದಷ್ಟು ಬೀವರ್ ರಾಶಿಬಿದ್ದಾಗ 14ನೇ ಲೂಯಿ 1696ರಲ್ಲಿ ಇದನ್ನು ರದ್ದುಮಾಡಿದ. 1716ರಲ್ಲಿ ಮರಳಿ ಬಂದು, ನಡುವೆ ಮತ್ತೊಮ್ಮೆ ನಿಂತು, 1720ರ ದಶಕದ ಕೊನೆಗೆ ಪುನಃ ಜಾರಿಯಲ್ಲಿತ್ತು. ಕೊಂಜೆಯನ್ನು ಎಷ್ಟೋ ಸಲ ಬಡತನಕ್ಕೆ ಬಿದ್ದ ಒಳ್ಳೆ ಮನೆತನದವರಿಗೆ, ವಿಧವೆಯರಿಗೆ ಕೊಡುತ್ತಿದ್ದರು. ಅವರು ದೋಣಿ ಹತ್ತುವವರಲ್ಲ, ವ್ಯಾಪಾರಿಗೆ ಮಾರುತ್ತಿದ್ದರು. ಆದ್ದರಿಂದ ಪರವಾನಗಿ ಬೇಕಾದರೆ ಚಳಿಗಾಲದಲ್ಲೇ ವಿಚಾರಿಸಿಡಬೇಕು.

ಪತ್ರದಲ್ಲಿ ದೋಣಿಯ ಸಂಖ್ಯೆ, ಆಳುಗಳ ಹೆಸರು, ಹೋಗುವ ದಾರಿ ಇರುತ್ತವೆ. ಪತ್ರದಲ್ಲಿಲ್ಲದ ಆಳನ್ನು ಕೂರಿಸಿಕೊಂಡರೆ, ಹೇಳದ ಕಡೆಗೆ ತಿರುಗಿದರೆ ಸರಕು ಜಪ್ತಿ. ಪರವಾನಗಿಯೇ ಇಲ್ಲದೆ ಕಾಡು ಹೊಕ್ಕವರನ್ನು ಕೂರರ್ ದ ಬ್ವಾ, ಅಂದರೆ ಕಾಡು ಅಲೆಯುವವರು, ಎನ್ನುತ್ತಿದ್ದರು. 1681ರ ರಾಜಾಜ್ಞೆಯಲ್ಲಿ ಅವರಿಗೆ ಮೊದಲ ತಪ್ಪಿಗೆ ಛಡಿಯೇಟು ಮತ್ತು ಬರೆ, ಎರಡನೆಯದಕ್ಕೆ ಜೀವನಪರ್ಯಂತ ರಾಜನ ಗಲೇ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆ.

ಸರಕಿನ ಆಯ್ಕೆ

ಲಾಭ ನಷ್ಟದ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಗಾಜಿನ ಮಣಿ ಕೊಟ್ಟು ತೊಗಲು ಬಾಚಿಕೊಂಡು ಬಂದರು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಆ ನಂಬಿಕೆಯಲ್ಲಿ ದೋಣಿ ತುಂಬಿದವನು ಮುಳುಗುತ್ತಾನೆ. ಸರಕಿನ ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಬಟ್ಟೆಯದ್ದು: ಉಣ್ಣೆಯ ತಾನು, ಕಂಬಳಿ, ಅಂಗಿ, ಕಪೋ ಎಂಬ ತಲೆಮುಸುಕಿನ ಕೋಟು. ತೊಗಲು ಮಾರುವ ಅಲ್ಲಿನ ಸ್ಥಳೀಯರಾದ ಒಡಾವಾ, ಒಜಿಬ್ವೆ ಜನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಕೊಳ್ಳುವವರು. ಅವರಿಗೆ ಬೇಕಾದದ್ದು ಇಂಗ್ಲೆಂಡಿನ ದಪ್ಪ ನೇಯ್ಗೆಯ ಕೆಂಪು, ನೀಲಿ ಉಣ್ಣೆ ಬಟ್ಟೆ, ಫ್ರೆಂಚರ ಬಾಯಲ್ಲಿ ಎಕರ್ಲಾತಿನ್. ಫ್ರಾನ್ಸಿನಲ್ಲಿ ಅದರ ನಕಲು ನೇಯಿಸಿ ಕಳಿಸಿದರೆ ಗುರುತು ಹಿಡಿದು ಪಕ್ಕಕ್ಕಿಡುತ್ತಿದ್ದರು. ಕೊನೆಗೆ ಫ್ರೆಂಚ್ ಕಂಪನಿಯೇ ಇಂಗ್ಲಿಷ್ ಬಟ್ಟೆ ತರಿಸಿಕೊಡಬೇಕಾಯಿತು.

ಆಮೇಲೆ ಮದ್ದು, ಸೀಸದ ಗುಂಡು, ಚಕಮಕಿ ಕಲ್ಲು, ಬಂದೂಕು. ಟ್ಯೂಲ್ ಊರಿನ ಹಗುರ ಬೇಟೆ ಬಂದೂಕಿಗೆ ಬೇಡಿಕೆ ಹೆಚ್ಚು. ದಿನವಿಡೀ ಹಿಮದಲ್ಲಿ ನಡೆಯುವ ಬೇಟೆಗಾರ ಸೈನ್ಯದ ಭಾರೀ ಕೋವಿ ಕೊಳ್ಳುವುದಿಲ್ಲ. ಹಿತ್ತಾಳೆ, ತಾಮ್ರದ ಕೊಳಗಗಳು ತೂಕದ ಮೇಲೆ ಮಾರಾಟವಾಗುತ್ತವೆ. ಇವನ್ನು ಒಂದರೊಳಗೊಂದು ಕೂರುವ ಅಳತೆಗಳಲ್ಲಿ ಕೊಂಡರೆ ದೋಣಿಯಲ್ಲಿ ಜಾಗ ಉಳಿಯುತ್ತದೆ. ಕೊಡಲಿ, ಚಾಕು, ದಬ್ಬಳ, ಸೂಜಿ, ಕುಂಕುಮಗೆಂಪಿನ ಇಂಗಲೀಕದ ಪುಡಿ, ಬ್ರೆಜಿಲ್ ಹೊಗೆಸೊಪ್ಪು, ಇವುಗಳ ಸಂಗಡ ಮಣಿ. ತೊಗಲು ಹದಮಾಡುವವರು ಹೆಂಗಸರು. ದಬ್ಬಳ, ಕೊಳಗ, ಬಟ್ಟೆ ಅವರ ಕೈಗೆ ಒಪ್ಪದಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ಬ್ರಾಂದಿಯ ಬಗ್ಗೆ ನೇರವಾಗಿ ಹೇಳಬೇಕು. ಬಿಷಪ್ ಲವಾಲ್ 1660ರಲ್ಲೇ ಸ್ಥಳೀಯ ಜನರಿಗೆ ಮದ್ಯ ಮಾರುವವರನ್ನು ಧರ್ಮಬಾಹಿರರೆಂದು ಸಾರಿದ್ದರು. ಆದರೂ ದಕ್ಷಿಣಕ್ಕೆ ನ್ಯೂಯಾರ್ಕ್ ವಸಾಹತಿನ ಆಲ್ಬನಿಯ ಇಂಗ್ಲಿಷರು ರಮ್ ಕೊಡುತ್ತಾರೆ, ನಾವು ಬಿಟ್ಟರೆ ತೊಗಲು ಅವರಿಗೆ ಹೋಗುತ್ತದೆ ಎಂಬ ವಾದ ಗೆದ್ದಿತು. ಕುಡಿತದಿಂದ ಹಳ್ಳಿಗಳು ಒಡೆದವು, ಬೇಟೆ ಕೆಟ್ಟಿತು, ಸಾಲ ತೀರದೆ ಹೋಯಿತು. ಸಿಬ್ಬಂದಿಯ ಬಳಕೆಗೆ ಪರವಾನಗಿಯಲ್ಲಿ ಬರೆದಷ್ಟು ಮಾತ್ರ ಒಯ್ಯುವುದು ಕಾನೂನಿಗೂ ಸರಿ, ವ್ಯಾಪಾರಕ್ಕೂ ಸರಿ.

ಗಂಟು ಕಟ್ಟುವುದು

ಎಲ್ಲವೂ ಗಂಟಿನ ಲೆಕ್ಕದಲ್ಲಿ ಹೋಗಬೇಕು. ಒಂದು ಗಂಟು ಸುಮಾರು 90 ಲಿವ್ರ್. ಲಿವ್ರ್ ಎಂದರೆ ತೂಕವೂ ಹೌದು, ಹಣವೂ ಹೌದು. ಹಳೆಯ ಲೆಕ್ಕಪುಸ್ತಕ ಓದುವವರು ಮೊದಲು ಎಡವುವುದು ಇಲ್ಲೇ. ತೂಕದ ಲಿವ್ರ್ ಸುಮಾರು 489 ಗ್ರಾಂ, ಹಾಗಾಗಿ ಗಂಟು 44 ಕಿಲೋ. ಹಣದ ಲಿವ್ರ್‌ಗೆ 20 ಸೋಲ್, ಒಂದು ಸೋಲ್‌ಗೆ 12 ದೆನಿಯೆ.

ಒಂದೇ ಬಗೆಯ ಸರಕನ್ನು ಒಂದೇ ಗಂಟಿಗೆ ತುಂಬಬಾರದು. ದೋಣಿ ಮಗುಚಿ ಎರಡು ಗಂಟು ಹೋದರೆ ಇರುವ ಕಂಬಳಿಯೆಲ್ಲ ಹೋದ ಹಾಗಾಗುತ್ತದೆ. ಬಟ್ಟೆ, ಚಾಕು, ಸೂಜಿಗಳನ್ನು ಹಂಚಿ ಕಟ್ಟಿ, ಹೊರಗೆ ಕ್ಯಾನ್ವಾಸ್ ಸುತ್ತಿ, ಗಂಟಿನ ಮೇಲೆ ಮಾಲೀಕನ ಗುರುತು ಮತ್ತು ಸಂಖ್ಯೆ ಬರೆಯಬೇಕು. ಯಾವ ಸಂಖ್ಯೆಯಲ್ಲಿ ಏನಿದೆ ಎಂಬ ಪಟ್ಟಿ ದೋಣಿಯಲ್ಲೊಂದು, ಮಾಂಟ್ರಿಯಲ್‌ನಲ್ಲೊಂದು. ಕೊಡಲಿಯ ಅಂಚು ಹೊರುವವನ ಬೆನ್ನಿಗೂ ದೋಣಿಯ ತೊಗಟೆಗೂ ತಾಗದಂತೆ ಒಳಗೆ ಸುತ್ತಿಡಬೇಕು. ಮದ್ದು ಪೀಪಾಯಿಯಲ್ಲೇ ಇರಲಿ.

ದೋಣಿ, ಆಳು

ಬರ್ಚ್ ತೊಗಟೆಯ ದೋಣಿಗಳಿಗೆ ತ್ರುವಾ-ರಿವಿಯೆರ್ ಹೆಸರಾದ ಊರು. ಸೀಡರ್ ಮರದ ಪಕ್ಕೆಲುಬು, ತೊಗಟೆ ಹೊಲಿಯಲು ಸ್ಪ್ರೂಸ್ ಬೇರು, ಹೊಲಿಗೆ ಮುಚ್ಚಲು ಮರದ ಅಂಟಿಗೆ ಕೊಬ್ಬು ಬೆರೆಸಿದ ಮೇಣ. ಬರೀ ಅಂಟು ಹಚ್ಚಿದರೆ ತಣ್ಣೀರಿನಲ್ಲಿ ಬಿರಿಯುತ್ತದೆ. ಕೊಬ್ಬು ಹೆಚ್ಚಾದರೆ ಬಿಸಿಲಿಗೆ ಕರಗಿ ಇಳಿಯುತ್ತದೆ. ದಾರಿಯ ರಿಪೇರಿಗೆ ಒಂದು ಸುರುಳಿ ತೊಗಟೆ, ಬೇರಿನ ಕಟ್ಟು, ಅಂಟಿನ ಉಂಡೆ ಇಲ್ಲದೆ ಹೊರಡಬಾರದು. ದೋಣಿಯ ತಳಕ್ಕೆ ಉದ್ದುದ್ದ ಗಳುಗಳನ್ನು ಹಾಸಿ ಅದರ ಮೇಲೆ ಗಂಟು ಇಟ್ಟರೆ ಭಾರ ಹಂಚಿಹೋಗುತ್ತದೆ. ತುಂಬುವಾಗಲೂ ಇಳಿಸುವಾಗಲೂ ದೋಣಿ ನೀರಿನ ಮೇಲೆಯೇ ಇರಲಿ. ದಡಕ್ಕೆ ಎಳೆದು ತುಂಬಿದರೆ ಒಂದು ಕಲ್ಲು ಸಾಕು, ತೊಗಟೆ ಸೀಳಲು.

ಈ ಹೊತ್ತಿಗೆ ದೋಣಿಗಳು ದೊಡ್ಡದಾಗಿದ್ದವು, ಆರೇಳು ಮಂದಿ ಬೇಕು. ಮುಂದೆ ನಿಂತು ನೀರು ಓದುವವನು, ಹಿಂದೆ ಚುಕ್ಕಾಣಿಯವನು, ನಡುವೆ ಹುಟ್ಟು ಹಾಕುವವರು. ಮುಂದಿನವನಿಗೂ ಹಿಂದಿನವನಿಗೂ ಕೂಲಿ ಹೆಚ್ಚು, ಅಲ್ಲಿ ಉಳಿತಾಯ ಮಾಡಲು ಹೋಗಬಾರದು. ಕರಾರನ್ನು ನೋಟರಿಯ ಮುಂದೆ ಬರೆಸಿ, ಮುಂಗಡ ಎಷ್ಟು, ಉಳಿದದ್ದು ಯಾವಾಗ, ಹಣದಲ್ಲೋ ತೊಗಲಿನಲ್ಲೋ, ಆಳು ತನ್ನ ಪಾಲಿಗೆ ಏನು ಒಯ್ದು ಮಾರಬಹುದು, ಇಷ್ಟನ್ನೂ ಸ್ಪಷ್ಟವಾಗಿ ಕಾಣಿಸಬೇಕು. ಈ ಕೊನೆಯದನ್ನು ಬಿಟ್ಟರೆ ನಿಮ್ಮ ಸರಕಿಗೆ ನಿಮ್ಮ ದೋಣಿಯಲ್ಲೇ ಪೈಪೋಟಿ.

ದಾರಿ

ಮಾಂಟ್ರಿಯಲ್‌ನ ಪಕ್ಕದಲ್ಲೇ ನದಿ ಧುಮ್ಮಿಕ್ಕುವುದರಿಂದ ಸರಕು ಗಾಡಿಯ ಮೇಲೆ ಲಾಶೀನ್‌ಗೆ ಹೋಗಿ ಅಲ್ಲಿ ದೋಣಿ ಏರುತ್ತದೆ. ಆಮೇಲೆ ಒಟ್ಟಾವಾ ನದಿಯ ಉದ್ದಕ್ಕೂ ಮೇಲೆ, ಮಟಾವಾ ನದಿ, ನಿಪಿಸಿಂಗ್ ಸರೋವರ, ಅಲ್ಲಿಂದ ಫ್ರೆಂಚ್ ನದಿಯ ಇಳಿಜಾರು, ಹ್ಯೂರಾನ್ ಸರೋವರದ ಉತ್ತರ ದಂಡೆ. ಐದಾರು ವಾರದ ಪಯಣ.

ನೀರು ತೀರ ರಭಸವಿದ್ದಲ್ಲಿ ಪೂರ್ತಿ ಇಳಿಸಿ ಹೊರಬೇಕು. ಕೆಲವು ಕಡೆ ಅರ್ಧ ಇಳಿಸಿ ದೋಣಿಯನ್ನು ಹಗ್ಗದಿಂದ ಎಳೆದರೆ ಸಾಕು. ಹೊರುವವನು ಹಣೆಗೆ ಚರ್ಮದ ಪಟ್ಟಿ ಕೊಟ್ಟು ಎರಡು ಗಂಟು ಬೆನ್ನಿಗೇರಿಸುತ್ತಾನೆ. ಈಗ ಲೆಕ್ಕ ನೋಡಿ. ಆರು ಆಳು, 40 ಗಂಟು ಎಂದರೆ ಒಂದು ಸಲಕ್ಕೆ 12 ಗಂಟು, ಅಲ್ಲಿಗೆ ನಾಲ್ಕು ಸಲ ಹೊರಬೇಕು, ಮೂರು ಸಲ ಬರಿಗೈಯಲ್ಲಿ ಹಿಂದೆ ಬರಬೇಕು. ಒಂದು ಕಿಲೋಮೀಟರ್ ಹೊರೆದಾರಿ ಪ್ರತಿಯೊಬ್ಬನಿಗೆ ಏಳು ಕಿಲೋಮೀಟರ್ ಆಗುತ್ತದೆ, ದೋಣಿ ಹೊರುವುದು ಬೇರೆ. ಗಂಟುಗಳನ್ನು 36ಕ್ಕೆ ಇಳಿಸಿದರೆ ಒಂದು ಸುತ್ತೇ ತಪ್ಪುತ್ತದೆ. ನಾಲ್ಕು ಗಂಟಿನ ಲಾಭಕ್ಕಾಗಿ ಪ್ರತಿ ಹೊರೆದಾರಿಯಲ್ಲೂ ಎರಡು ಕಿಲೋಮೀಟರ್ ಹೆಚ್ಚು ನಡೆಸುವುದು ಬುದ್ಧಿವಂತಿಕೆಯಲ್ಲ. ಇಂಥ ಹೊರೆದಾರಿಗಳು ಹತ್ತಾರು.

ಆಹಾರವೂ ಇದೇ ತಕ್ಕಡಿಗೆ ಬರುತ್ತದೆ. ಬೂದಿನೀರಿನಲ್ಲಿ ಬೇಯಿಸಿ ಸಿಪ್ಪೆ ತೆಗೆದು ಒಣಗಿಸಿದ ಮೆಕ್ಕೆಜೋಳ, ಅದಕ್ಕೊಂದಿಷ್ಟು ಕೊಬ್ಬು: ಇಷ್ಟು ಹಗುರವಾಗಿ ಹೊಟ್ಟೆ ತುಂಬುವ ಬೇರೆ ಪದಾರ್ಥ ಈ ದಾರಿಯಲ್ಲಿಲ್ಲ. ಹಿಂದಿರುಗುವ ಪಯಣಕ್ಕೆ ಬೇಕಾದ ಜೋಳವನ್ನು ಮಿಚಿಲಿಮ್ಯಾಕಿನಾಕ್‌ನಲ್ಲಿ ಒಡಾವಾ ಜನರಿಂದಲೇ ಕೊಳ್ಳಬಹುದು.

ತೊಗಲು ನೋಡಿ ಕೊಳ್ಳುವುದು

ಇಳಿದ ಕೂಡಲೇ ಗಂಟು ಬಿಚ್ಚಿ ಬೆಲೆ ಕೂಗುವುದು ಇಲ್ಲಿನ ರೀತಿಯಲ್ಲ. ಮೊದಲು ಉಡುಗೊರೆ, ಹೊಗೆಸೊಪ್ಪು, ಮಾತು. 1701ರ ಮಾಂಟ್ರಿಯಲ್ ಮಹಾಶಾಂತಿ ಒಪ್ಪಂದದಲ್ಲಿ ಸುಮಾರು 40 ಜನಾಂಗಗಳು ಕೂಡಿ ಕಟ್ಟಿದ ನಂಟಿನ ಮೇಲೆ ಈ ವ್ಯಾಪಾರ ನಿಂತಿದೆ. ಉಡುಗೊರೆಯನ್ನು ದಂಡದ ಖರ್ಚೆಂದು ಬರೆದುಕೊಳ್ಳುವ ವ್ಯಾಪಾರಿಗೆ ಎರಡನೇ ವರ್ಷ ತೊಗಲು ಸಿಗುವುದು ಕಷ್ಟ.

ಬೀವರ್‌ನಲ್ಲಿ ಎರಡು ಮುಖ್ಯ ಬಗೆ. ಕಾಸ್ತೋರ್ ಸೆಕ್ ಅಂದರೆ ಒಣ ತೊಗಲು: ಸುಲಿದು, ಮಾಂಸ ಕೆರೆದು, ಬಳ್ಳಿಯ ಬಳೆಗೆ ದುಂಡಗೆ ಬಿಗಿದು ಒಣಗಿಸಿದ್ದು. ಕಾಸ್ತೋರ್ ಗ್ರಾ ಅಂದರೆ ಜಿಡ್ಡಿನ ತೊಗಲು: ಒಳಮೈ ಕೆರೆದು, ಪ್ರಾಣಿಯ ಮಜ್ಜೆ ತಿಕ್ಕಿ, ಚೌಕವಾಗಿ ಕತ್ತರಿಸಿ, ಐದರಿಂದ ಎಂಟು ತೊಗಲನ್ನು ನರದಿಂದ ಹೊಲಿದು, ತುಪ್ಪಳ ಮೈಗೆ ತಾಗುವಂತೆ ಒಂದು ವರ್ಷಕ್ಕೂ ಮೇಲ್ಪಟ್ಟು ಹೊದ್ದದ್ದು. ಹೊದ್ದು ಹೊದ್ದು ಉದ್ದನೆಯ ಒರಟು ಕೂದಲು ಉದುರುತ್ತದೆ. ಮೈಯ ಬೆವರು ಜಿಡ್ಡಿಗೆ ತೊಗಲು ಮೆತ್ತಗಾಗುತ್ತದೆ. ಟೋಪಿ ಮಾಡುವವನಿಗೆ ಬೇಕಾದದ್ದು ಒಳಗಿನ ನುಣುಪು ತುಪ್ಪಳ ಮಾತ್ರ. ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿವೆ, ಅವು ಒಂದಕ್ಕೊಂದು ಸಿಕ್ಕಿ ನೇಯದೆಯೇ ಗಟ್ಟಿ ಬಟ್ಟೆ, ಅಂದರೆ ಫೆಲ್ಟ್, ಆಗುತ್ತದೆ. ಬೇರೆಯವರು ಹೊದ್ದು ಹಳತಾದ ಹೊದಿಕೆಗೆ ಹೊಸ ತೊಗಲಿಗಿಂತ ಹೆಚ್ಚು ಬೆಲೆ ಬಂದದ್ದು ಹೀಗೆ. ಟೋಪಿಗೆ ಎರಡನ್ನೂ ಬೆರೆಸುತ್ತಾರೆ, ಆದ್ದರಿಂದ ಒಂದೇ ಬಗೆಯನ್ನು ರಾಶಿ ಹಾಕಿದರೆ ಕಂಪನಿ ಮೂಗು ಮುರಿಯುತ್ತದೆ.

ಪರೀಕ್ಷೆಗೆ ತೊಗಲು ತಿರುಗಿಸಿ ಒಳಮೈ ನೋಡಿ. ನಡುಚಳಿಗಾಲದ್ದು ಬೆಳ್ಳಗೆ, ಶುಭ್ರ. ನೀಲಿಗಪ್ಪು ಛಾಯೆ ಇದ್ದರೆ ತುಪ್ಪಳ ಬಲಿಯುವ ಮೊದಲೇ ಕೊಂದದ್ದು. ತುಪ್ಪಳವನ್ನು ಊದಿ ಬುಡ ನೋಡಿ, ಕೈಯಿಂದ ಕೊಡವಿ. ಬೀವರ್ ತೂಕದ ಮೇಲೆ ಮಾರಾಟವಾಗುವುದರಿಂದ ಮರಳು, ತೇವ, ಕೆರೆಯದೆ ಬಿಟ್ಟ ಮಾಂಸ ಎಲ್ಲವೂ ಬೀವರ್ ಬೆಲೆಗೇ ತೂಗುತ್ತವೆ. ತೇವದ ತೊಗಲನ್ನು ಹಾಗೆಯೇ ಕಟ್ಟಿದರೆ ಒಳಗೆ ಬಿಸಿಯಾಗಿ ಕೂದಲು ಉದುರುತ್ತದೆ, ಪಕ್ಕದ ತೊಗಲೂ ಕೆಡುತ್ತದೆ. ಒಂದು ತೊಗಲು ಸರಾಸರಿ ಒಂದೂವರೆ ಲಿವ್ರ್, ಹಾಗಾಗಿ ಅರವತ್ತಕ್ಕೆ ಒಂದು ಕಟ್ಟು. ಮರದ ಒತ್ತಿನಲ್ಲಿ ಬಿಗಿದು ಚರ್ಮದ ದಾರದಿಂದ ಕಟ್ಟಬೇಕು.

ಲೆಕ್ಕ ತೀರಿಸುವುದು

ಹಿಂದಿರುಗಿದ ಮೇಲೆ ಬೀವರ್ ಒಂದೇ ಕಡೆ ಹೋಗಬೇಕು, ಕಂಪನಿಯ ಕಚೇರಿಗೆ. ರಫ್ತಿನ ಏಕಸ್ವಾಮ್ಯ ಅದರದ್ದು. ಮಾರ್ಟನ್, ನೀರುನಾಯಿ, ಕರಡಿ, ಜಿಂಕೆಯ ತೊಗಲನ್ನು ಯಾರಿಗಾದರೂ ಮಾರಬಹುದು. ಬೀವರನ್ನು ಮಾಂಟ್ರಿಯಲ್ ಬಳಿಯ ಕಾನಾವಾಕೆ ಊರಿನ ಮೋಹಾಕ್ ಎಂಬ ಸ್ಥಳೀಯ ಜನರ ಮೂಲಕ ಕದ್ದು ಆಲ್ಬನಿಗೆ ಕಳಿಸಿದವರಿಗೆ ಹೆಚ್ಚು ಬೆಲೆ ಸಿಗುತ್ತಿತ್ತು ನಿಜ, ಸಿಕ್ಕಿಬಿದ್ದರೆ ಇಡೀ ವರ್ಷದ ದುಡಿಮೆ ಹೋಗುತ್ತಿತ್ತು.

ಕಂಪನಿ ನಾಣ್ಯ ಕೊಡುವುದಿಲ್ಲ, ಫ್ರಾನ್ಸಿನಲ್ಲಿ ತೀರುವ ಹುಂಡಿ, ಅಂದರೆ ಹಣ ಕೊಡಬೇಕೆಂದು ಬರೆದ ಪತ್ರ, ಕೊಡುತ್ತದೆ. ವಸಾಹತಿನಲ್ಲಿ ನಾಣ್ಯದ ಬರ ಎಷ್ಟಿತ್ತೆಂದರೆ 1685ರಲ್ಲಿ ಇಸ್ಪೀಟು ಎಲೆಗಳ ಮೇಲೆ ಸಹಿ ಹಾಕಿ ಹಣವೆಂದು ಹಂಚಿದ್ದರು. 1729ರಲ್ಲಿ ಕಾರ್ಡ್ ಹಣ ಮತ್ತೆ ಬಂತು. ಆಳುಗಳ ಕೂಲಿಗೆ, ಊರಿನ ಸಾಲಕ್ಕೆ ಕಾರ್ಡ್ ನಡೆಯುತ್ತದೆ. ಫ್ರಾನ್ಸಿನ ಬಂದರು ಲಾ ರೊಶೆಲ್‌ನ ಸರಬರಾಜುದಾರನಿಗೆ ಹುಂಡಿಯೇ ಬೇಕು, ಅದನ್ನು ಬೇರೆ ಯಾವುದಕ್ಕೂ ಒಡೆಯಬಾರದು.

ಹೊಸ ಸರಕಿನ ಪಟ್ಟಿಯನ್ನೂ ಅದೇ ಶರತ್ಕಾಲದ ಹಡಗಿಗೇ ಕೊಡಬೇಕು. ಆ ಸರಕು ಮುಂದಿನ ಬೇಸಿಗೆಗೆ ಕ್ವಿಬೆಕ್ ತಲುಪಿ, ಅದರ ಮುಂದಿನ ಮೇ ತಿಂಗಳಲ್ಲಿ ದೋಣಿ ಏರಿ, ಆ ವರ್ಷದ ಕೊನೆಗೆ ತೊಗಲಾಗಿ ಹಿಂದಿರುಗುತ್ತದೆ. ನಡುವೆ ಎರಡು ವರ್ಷ. ಪಟ್ಟಿ ಒಂದು ವಾರ ತಡವಾಗಿ ಹಡಗು ತಪ್ಪಿದರೆ ಅದು ಮೂರು ವರ್ಷವಾಗುತ್ತದೆ, ಮೈಮೇಲಿನ ಸಾಲ ಆ ಒಂದು ವರ್ಷವೂ ಬೆಳೆಯುತ್ತದೆ.