ತಂಬೂರಿ ಮೊದಲು, ಡ್ರಮ್ಸ್ ಕೊನೆಗೆ: ಬ್ಯಾಂಡ್ ಬಿಟ್ಟು ಮಾಡಿದ ನನ್ನ ಆಲ್ಬಮ್

ಬ್ಯಾಂಡಿನ ರೆಕಾರ್ಡಿಂಗ್‌ನಲ್ಲಿ ಕ್ಲಿಕ್ (ಲಯ ಹಿಡಿಯಲು ಕಿವಿಯಲ್ಲಿ ಕೇಳುವ ಟಿಕ್‌ಟಿಕ್), ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಆದಮೇಲೆ ತಂಬೂರಿ ಮತ್ತು ಹಾಡು. ನನ್ನ ಸ್ವಂತ ಆಲ್ಬಮ್‌ನ ಎಂಟು ಹಾಡಿಗೆ ಇದನ್ನು ಪೂರ್ತಿ ತಿರುಗಿಸಿದೆ. ತಂಬೂರಿ, ಹಾಡು ಒಟ್ಟಿಗೆ, ಕ್ಲಿಕ್ ಇಲ್ಲದೆ, ಒಂದೇ ಟೇಕ್. ‘ಆಮೇಲೆ ಡ್ರಮ್ಸ್ ಕೂರಲ್ಲ’ ಅಂದವರೇ ಎಲ್ಲ. ಎಂಟಕ್ಕೆ ಎಂಟೂ ಕೂತಿವೆ.

ಮೊದಲೆರಡು ಹಾಡನ್ನು ಹಳೇ ದಾರಿಯಲ್ಲಿ ಮಾಡಿ ಸುಮಾರು 40 ಸಾವಿರ ಕಳೆದಿದ್ದೆ. ತತ್ವಪದವನ್ನು ನಿಮಿಷಕ್ಕೆ 92 ಪೆಟ್ಟಿನ ಕ್ಲಿಕ್‌ಗೆ ಕಟ್ಟಿಹಾಕಿದರೆ ಸಾಲಿನ ಕೊನೆಯ ಎಳೆತ ಸತ್ತೇ ಹೋಗುತ್ತದೆ. ಬಿಟ್ಟು ಹಾಡಿದಾಗ ಪಲ್ಲವಿ 88ರ ಹತ್ತಿರ, ಚರಣದ ಕೊನೆ 95ರ ಹತ್ತಿರ ಓಡುತ್ತಿತ್ತು. ಹಾಡಿನ ನಡೆಯೇ ಅದು. ಈಗ ಟೇಕ್ ಮುಗಿದ ಮೇಲೆ, ಡ್ರಮ್ಮರ್ ಕೇಳುವ ಕ್ಲಿಕ್ ಹಾಡಿನ ನಡೆಯ ಹಿಂದೆಯೇ ಬರಲಿ ಅಂತ, ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಎರಡು ಆವರ್ತಕ್ಕೊಂದು ಟೆಂಪೋ ಮಾರ್ಕರ್ (ಇಲ್ಲಿಂದ ವೇಗ ಇಷ್ಟು ಅನ್ನುವ ಗುರುತು) ಕೈಯಲ್ಲೇ ಇಡುತ್ತೇನೆ. ಪ್ರತಿ ಪೆಟ್ಟಿಗೂ ಇಟ್ಟರೆ ಡ್ರಮ್ಮರ್ ಕಿವಿಗೆ ಕ್ಲಿಕ್ ಕುಂಟುತ್ತದೆ, ನಾಲ್ಕು ಆವರ್ತಕ್ಕೊಂದಾದರೆ ನಡುವೆ ಜಾರುತ್ತದೆ. ಹಾಡಿಗೆ ಮೂರು ತಾಸಿನ ಕೆಲಸ.

ಶ್ರುತಿಯದು ಇನ್ನೊಂದು ಜಗಳ. ತಂಬೂರಿಯ ತಂತಿಯಿಂದ ತಾನಾಗಿ ಏಳುವ ಗಾಂಧಾರಕ್ಕಿಂತ ಗಿಟಾರಿನ ಗಾಂಧಾರ ಸುಮಾರು 14 ಸೆಂಟ್ (ಪಕ್ಕಪಕ್ಕದ ಎರಡು ಫ್ರೆಟ್ ನಡುವಿನ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ಮೇಜರ್ ಕಾರ್ಡ್ ಹಿಡಿದರೆ ಎರಡೂ ಸೇರಿ ಗುಂಯ್‌ಗುಡುತ್ತವೆ, ತಾರ-ಮಂದ್ರದ ಸದ್ದನ್ನು ಹೆಚ್ಚು-ಕಮ್ಮಿ ಮಾಡುವ ಇಕ್ಯೂನಲ್ಲಿ ಅದು ಹೋಗಲ್ಲ. ಗಿಟಾರಿನ ಆರು ತಂತಿಯನ್ನು ಡಿ-ಎ-ಡಿ-ಜಿ-ಎ-ಡಿಗೆ ಇಳಿಸಿ ಗಾಂಧಾರವನ್ನೇ ಬಿಟ್ಟೆ. ಶ್ರುತಿ ಏರಿದರೆ ಗಿಟಾರಿನ ಕತ್ತಿಗೆ ಕೇಪೋ ಕ್ಲಿಪ್. ತಂಬೂರಿಯ ಕುದುರೆ ಮೇಲಿನ ದಾರಕ್ಕೆ ನಾನು ಏನು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಂಸಾಳೆಗೆ ಕಂಡೆನ್ಸರ್ (ತುಂಬ ಸೂಕ್ಷ್ಮದ ಮೈಕ್) ಹತ್ತಿರ ಇಟ್ಟು ಒಂದು ದಿನದ ಕೆಲಸ ಹಾಳಾಯಿತು. ಬಟ್ಟಲಿಗೆ ತಾಳ ಬಡಿದ ಮೊದಲ ಕ್ಷಣವೇ ಮೈಕಿನ ಸದ್ದು ಏರಿಸುವ ಪ್ರೀಆಂಪ್‌ನಲ್ಲಿ ಸದ್ದು ಒಡೆಯಿತು, ಮೀಟರ್ ಮಾತ್ರ ಹಸಿರು. ಕೊನೆಗೆ ಗೆದ್ದದ್ದು ಐದಡಿ ದೂರದಲ್ಲಿ, ಎದೆಮಟ್ಟದಲ್ಲಿ, ಬಟ್ಟಲಿನ ಬಾಯಿಗೆ ಅಡ್ಡವಾಗಿ ಇಟ್ಟ, ಅಷ್ಟು ಸೂಕ್ಷ್ಮವಲ್ಲದ ಮೈಕ್ ಎಸ್‌ಎಂ57. ಡೊಳ್ಳಿಗೆ ಎರಡೂ ಮುಖಕ್ಕೆ ಮೈಕ್ ಇಟ್ಟು ಒಂದರ ಪೊಲಾರಿಟಿ (ಸದ್ದಿನ ಅಲೆಯ ಮೇಲು-ಕೆಳಗು) ತಿರುಗಿಸಲೇಬೇಕು. ಇಲ್ಲದಿದ್ದರೆ ತಳದ ಗುಡುಗು ಒಂದನ್ನೊಂದು ತಿಂದುಹಾಕುತ್ತದೆ.

ಹಕ್ಕಿನ ವಿಷಯದಲ್ಲೂ ಪೆಟ್ಟು ತಿಂದೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಕವಿ ಹೋದ 60 ವರ್ಷದ ಮೇಲೆ ಪದ ಎಲ್ಲರದ್ದು. ಆದರೆ ನಮ್ಮ ಬಾಯಲ್ಲಿ ಕೂತಿರುವ ಎಷ್ಟೋ ಧಾಟಿ ಸಿ. ಅಶ್ವತ್ಥ್ ಕೂರಿಸಿದ್ದು, ಅದು ಎಲ್ಲರದ್ದಲ್ಲ. ಅಂಥದ್ದೊಂದು ಹಾಡನ್ನು ಮಿಕ್ಸ್ ಆದಮೇಲೆ ಕೈಬಿಟ್ಟೆ, ಹತ್ತು ಸಾವಿರದಷ್ಟು ಹೋಯಿತು. ಅದರ ಜಾಗಕ್ಕೆ ಬೇರೆ ಪದ ತಗೊಂಡು ಧಾಟಿ ನಾನೇ ಕಟ್ಟಿದೆ. ಆಲ್ಬಮ್‌ನಲ್ಲಿ ಅದೇ ಗಟ್ಟಿ ಹಾಡು.

ಒಟ್ಟು ಖರ್ಚು ಎರಡು ಲಕ್ಷ ಚಿಲ್ಲರೆ. ಅರ್ಧಕ್ಕಿಂತ ಹೆಚ್ಚು ಕಲಾವಿದರಿಗೆ. ಕಂಸಾಳೆಯವರಿಗೂ ಡ್ರಮ್ಮರ್‌ಗೂ ದಿನಕ್ಕೆ ಒಂದೇ ಸಂಭಾವನೆ. ಅದರಲ್ಲಿ ಚೌಕಾಸಿ ಮಾಡಬಾರದು. ಸ್ಟುಡಿಯೋ ಬೇಕಾದದ್ದು ಡ್ರಮ್ಸಿಗೆ ಎರಡೇ ದಿನ, ಉಳಿದದ್ದು ಮನೆಯಲ್ಲಿ, ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ.

ರಿವರ್ಬ್ ಪ್ಲಗಿನ್ ಕೂಡ ಕೊಳ್ಳಲಿಲ್ಲ. ಖಾಲಿ ಸಂಪಿನೊಳಗೆ ಒಂದು ಸಣ್ಣ ಸ್ಪೀಕರ್, ಸಂಪಿನ ಬಾಯಲ್ಲಿ ಮೈಕ್. ಹಾಡಿನ ಟ್ರ್ಯಾಕ್ ಅದರಲ್ಲಿ ನುಡಿಸಿ ಮತ್ತೆ ಹಿಡಿದೆ. ತಳದಲ್ಲಿ ನಾಲ್ಕು ಬೆರಳು ನೀರಿದ್ದಾಗ ಬಂದ ಸದ್ದೇ ಚೆನ್ನಾಗಿತ್ತು, ಪೂರ್ತಿ ಒಣಗಿಸಿದ ಮೇಲೆ ಬರೀ ಡಬ್ಬದ ಸದ್ದು.