ಹೊಸ ರೈಫಲ್‌ಗೆ ಬಿಡಿಭಾಗ: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಅಮೆರಿಕದಲ್ಲಿ 1964ರಿಂದ ಮಾರಾಟವಾಗುತ್ತಿರುವ ರೂಗರ್ 10/22 ಮಾದರಿಯ .22 (ಗುಂಡಿನ ಅಗಲ ಸುಮಾರು 0.22 ಇಂಚು) ಸೆಮಿ ಆಟೊಮ್ಯಾಟಿಕ್ (ಒಂದು ಈಡು ಹಾರಿದೊಡನೆ ಮುಂದಿನ ತೋಟೆ ತಾನಾಗಿ ಒಳಸೇರುವ) ರೈಫಲ್ ಕೊಂಡವರಿಗೆ ಮೊದಲ ವಾರದಲ್ಲೇ ಹತ್ತುವ ಚಟ ಒಂದಿದೆ: ಬಿಡಿಭಾಗ ಬದಲಿಸುವುದು. ನಳಿಕೆ, ಟ್ರಿಗರ್, ಬೋಲ್ಟ್ (ಹಿಂದೆ ಮುಂದೆ ಜಾರಿ ತೋಟೆ ಕೂರಿಸುವ ಉಕ್ಕಿನ ತುಂಡು), ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ ಕಟ್ಟು), ಎಲ್ಲಕ್ಕೂ ಬದಲಿ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಕ್ಯಾಟಲಾಗ್ ನೋಡಿ ಅಲ್ಲ, ಗುರಿಹಾಳೆ ನೋಡಿ ತೀರ್ಮಾನಿಸಬೇಕು.

ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು ಮೊದಲೇ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳುವುದೇ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಬಿಡಿಭಾಗಕ್ಕೂ ಕಾನೂನು ತಾಗುತ್ತದೆ. ನೋಂದಣಿಯಿಲ್ಲದೆ ರೈಫಲ್‌ಗೆ 16 ಇಂಚಿಗಿಂತ ಗಿಡ್ಡ ನಳಿಕೆ ಕೂರಿಸುವಂತಿಲ್ಲ. 25 ತೋಟೆಯ ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಸಲ್ಲದು. ಆರ್ಡರ್ ಮಾಡುವ ಮುಂಚೆ ನಿಮ್ಮ ರಾಜ್ಯದ ನಿಯಮ ಓದಿ.

ಮೊದಲ 500 ಈಡು ಇದ್ದ ಹಾಗೇ

ಕಾರ್ಖಾನೆಯಿಂದ ಬಂದ ರೈಫಲ್‌ಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರುತ್ತಾರೆ. ಅದನ್ನು ಒರೆಸಿ, ನಳಿಕೆಯೊಳಗೆ ಒಣ ಬಟ್ಟೆ ಎಳೆದು, ಬೋಲ್ಟ್ ಜಾರುವ ಕಡೆ ಒಂದೆರಡು ಹನಿ ಎಣ್ಣೆ ಬಿಡಿ. ಹೆಚ್ಚು ಬಿಟ್ಟರೆ ಮಸಿ ಅಂಟುತ್ತದೆ. ಮೂರು ಕಡೆ ಸ್ಕ್ರೂ ನೋಡಿ: ಸ್ಟಾಕ್‌ನ ತಳದ ದೊಡ್ಡ ಸ್ಕ್ರೂ, ನಳಿಕೆಯ ಮುಂದಿನ ಪಟ್ಟಿ, ದುರ್ಬೀನು ಕೂರುವ ಬೇಸ್. "ರೈಫಲ್ ಸರಿಯಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಈ ಬೇಸ್‌ನ ಸಡಿಲ ಸ್ಕ್ರೂಗಳಲ್ಲೇ ಮುಗಿಯುತ್ತವೆ.

ಆಮೇಲೆ 500 ತೋಟೆ ಸುಡಿ. ಹೊಸ ಸ್ಪ್ರಿಂಗ್ ಗಟ್ಟಿಯಿರುವುದರಿಂದ ಆರಂಭದಲ್ಲಿ ಸೆಕೆಂಡಿಗೆ 1200 ಅಡಿ ದಾಟುವ ಹೈ ವೆಲಾಸಿಟಿ ತೋಟೆಯೇ ಒಳ್ಳೆಯದು. ಮೆದು ತೋಟೆ ಹಾಕಿದರೆ ಬೋಲ್ಟ್ ಪೂರ್ತಿ ಹಿಂದೆ ಸರಿಯದೆ ಖಾಲಿ ಕೋಶ ಬಾಗಿಲಲ್ಲೇ ಚಿಮಣಿಯಂತೆ ನಿಂತುಬಿಡುತ್ತದೆ. ಅದಕ್ಕೇ ಹೆದರಿ ಹೊಸ ಬೋಲ್ಟ್ ತರಿಸಬೇಡಿ.

ಮ್ಯಾಗಜಿನ್‌ಗಳಿಗೆ ಬಣ್ಣದಲ್ಲಿ 1, 2, 3 ಎಂದು ಬರೆದು, ಪ್ರತಿ ತಡೆಯನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ: ಯಾವ ಮ್ಯಾಗಜಿನ್, ಯಾವ ತೋಟೆ, ಏನಾಯಿತು. ತಡೆ ಒಂದೇ ಮ್ಯಾಗಜಿನ್‌ನಲ್ಲಾದರೆ ದೋಷ ಅದರದ್ದು. ಒಂದೇ ಬ್ರ್ಯಾಂಡಿನಲ್ಲಾದರೆ ತೋಟೆಯದ್ದು. ಎಲ್ಲದರಲ್ಲೂ ಖಾಲಿ ಕೋಶ ಒಳಗೇ ಉಳಿದರೆ ಮೊದಲು ಚೇಂಬರ್ (ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) ಉಜ್ಜಿ; .22 ತೋಟೆಯ ಮೇಣ ಮತ್ತು ಮಸಿ ಅಲ್ಲಿ ಬಳೆಯಂತೆ ಕಟ್ಟಿಕೊಳ್ಳುತ್ತದೆ. ಉಜ್ಜಿದ ಮೇಲೂ ಉಳಿದರೆ ಮಾತ್ರ, ಖಾಲಿ ಕೋಶವನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್ ಬದಲಿಸಿ. ಚೂಪು ಅಂಚಿನ ಬದಲಿ ಎಕ್ಸ್‌ಟ್ರಾಕ್ಟರ್ ಅಗ್ಗದ್ದು, ನಿಜಕ್ಕೂ ಕೆಲಸಕ್ಕೆ ಬರುವಂಥದ್ದು.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ನಳಿಕೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾದು ಆಮೇಲೆ ತೋಟೆ ತೆಗೆಯಿರಿ. ಸದ್ದು ಟುಸ್ಸೆಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಕೆ ಉಬ್ಬುತ್ತದೆ.

ಗುರಿಹಾಳೆಯ ಲೆಕ್ಕ

ಈಗ ನಾಲ್ಕು ಬಗೆಯ ತೋಟೆ ತನ್ನಿ, ಎರಡಾದರೂ ಸ್ಟ್ಯಾಂಡರ್ಡ್ ವೆಲಾಸಿಟಿಯವು ಇರಲಿ. ಸೆಕೆಂಡಿಗೆ 1070 ಅಡಿಯ ಆಸುಪಾಸಿನ ಇವು ಸಾಮಾನ್ಯವಾಗಿ ಶಬ್ದದ ವೇಗದೊಳಗೇ ಉಳಿಯುತ್ತವೆ. ವೇಗದ ತೋಟೆಗಳು ದಾರಿಯಲ್ಲಿ ಆ ಗಡಿ ದಾಟಿ ಇಳಿಯುವಾಗ ಒಂದಿಷ್ಟು ಅಲುಗುತ್ತವೆ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು 50 ಗಜಕ್ಕೆ, ತೋಟೆ ಬದಲಿಸಿದಾಗೆಲ್ಲ 10 ಈಡು ಸುಮ್ಮನೆ ಹಾರಿಸಿ, ಆಮೇಲೆ ಐದೈದು ಈಡಿನ ಐದು ಗುಂಪು. ಒಟ್ಟು 140 ತೋಟೆ. ಪ್ರತಿ ಗುಂಪಿನಲ್ಲೂ ಅತಿ ದೂರದ ಎರಡು ತೂತುಗಳ ಹೊರ ಅಂಚು ಅಳೆದು 0.22 ಇಂಚು ಕಳೆಯಿರಿ. ಐದರ ಸರಾಸರಿ ಬರೆದುಕೊಳ್ಳಿ. ಅತಿ ಚೆಂದದ ಒಂದು ಗುಂಪನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರ ಮಾತು ನಂಬಬೇಡಿ.

ಒಂದು ತೋಟೆ ಎರಡೂವರೆ ಇಂಚು ಚದುರಿ, ಇನ್ನೊಂದು ಒಂದೂಕಾಲು ಇಂಚಿಗೆ ಕೂಡಿಬಿಟ್ಟರೆ ನಳಿಕೆಗೆ ಖರ್ಚು ಮಾಡುವ ಪ್ರಶ್ನೆಯೇ ಇಲ್ಲ. ಡಬ್ಬ ಉರುಳಿಸಲು, ಅಳಿಲಿನ ಬೇಟೆಗೆ ಒಂದೂವರೆ ಇಂಚಿನ ಒಳಗಿದ್ದರೆ ಧಾರಾಳವಾಯಿತು.

ದುಡ್ಡು ಹಾಕುವುದಾದರೆ ಟ್ರಿಗರ್‌ಗೆ

ಕಾರ್ಖಾನೆಯ ಟ್ರಿಗರ್ ಸುಮಾರು 5ರಿಂದ 6 ಪೌಂಡ್ ಎಳೆತ ಬೇಡುತ್ತದೆ. ರೈಫಲ್‌ನ ತೂಕವೇ ಹೆಚ್ಚುಕಡಿಮೆ 5 ಪೌಂಡ್. ಎಳೆಯುವಷ್ಟರಲ್ಲಿ ಗುರಿ ಕದಲುವುದು ಈ ಕಾರಣಕ್ಕೆ. ಕಂಪನಿಯದೇ ಬಿಎಕ್ಸ್ ಟ್ರಿಗರ್ ಇದನ್ನು 3 ಪೌಂಡಿನೊಳಗೆ ಇಳಿಸುತ್ತದೆ, ಇಡೀ ಜೋಡಣೆಯೇ ಬರುವುದರಿಂದ ಅರ ಹಿಡಿದು ಕೂರಬೇಕಿಲ್ಲ. ಸಿಯರ್ ಅನ್ನು (ಒಳಗಿನ ಬಡಿಯುವ ಸುತ್ತಿಗೆಯಾದ ಹ್ಯಾಮರನ್ನು ಟ್ರಿಗರ್ ಎಳೆಯುವ ತನಕ ತಡೆದಿಡುವ ಕೊಂಡಿ) ಮನೆಯಲ್ಲೇ ಉಜ್ಜಿ ಹಗುರ ಮಾಡಲು ಹೋಗಲೇಬೇಡಿ. ಬೆರಳು ತಾಗದೆಯೇ ಈಡು ಹಾರುವ ಅಪಾಯ ಇರುವುದು ಅಲ್ಲಿಯೇ.

ಬಿಚ್ಚುವ ಕ್ರಮ ಹೀಗೆ. ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಮುಂದಿನ ಪಟ್ಟಿ, ತಳದ ಸ್ಕ್ರೂ ಬಿಚ್ಚಿ. ಹ್ಯಾಮರ್ ಏರಿಸಿದ ಸ್ಥಿತಿಯಲ್ಲಿ ಸೇಫ್ಟಿ ಗುಂಡಿಯನ್ನು ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನಟ್ಟನಡುವೆ ನಿಲ್ಲಿಸಿ. ಇಲ್ಲದಿದ್ದರೆ ಗುಂಡಿ ಸ್ಟಾಕ್‌ಗೆ ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಮರ ಸೀಳುತ್ತದೆ. ಸ್ಟಾಕ್ ಹೊರಬಂದೊಡನೆ ಟ್ರಿಗರ್ ಜೋಡಣೆಯ ಎರಡು ಪಿನ್ನುಗಳು, ರಿಸೀವರ್ (ಬೋಲ್ಟ್ ಓಡುವ ಲೋಹದ ಮೈ) ಹಿಂಭಾಗದ ದಪ್ಪ ಉಕ್ಕಿನ ಪಿನ್ನು, ಮೂರೂ ತಾವಾಗಿಯೇ ಜಾರಿ ಬೀಳುವಂಥವು. ಬಿಳಿ ಟವೆಲ್ ಹಾಸಿದ ಮೇಜಿನ ಮೇಲೆ ಕೆಲಸ ಮಾಡಿದವರು ಆಮೇಲೆ ಮಂಚದ ಕೆಳಗೆ ಟಾರ್ಚ್ ಬಿಡುವುದು ತಪ್ಪುತ್ತದೆ. ಹಿಂಭಾಗದ ಆ ಉಕ್ಕಿನ ಪಿನ್ನಿನ ಬದಲು ಪಾಲಿಮರ್‌ನದು ಹಾಕಿದರೆ ಬೋಲ್ಟ್ ಬಡಿಯುವ ಕಟಕಟ ಸದ್ದು ತಗ್ಗುತ್ತದೆ. ಗುರಿಗೇನೂ ಲಾಭವಿಲ್ಲ, ಕಿವಿಗೆ ಹಿತ ಅಷ್ಟೆ.

ನಳಿಕೆಯ ಸರದಿ ಕೊನೆಯದು. ಅದನ್ನು ಹಿಡಿದಿರುವುದು ವಿ-ಬ್ಲಾಕ್ ಎಂಬ ಒಂದು ಲೋಹದ ತುಂಡು ಮತ್ತು ಎರಡು ಸ್ಕ್ರೂ, ಹಾಗಾಗಿ ಬದಲಿಸುವುದು ಸುಲಭ. ಆದರೆ ದಪ್ಪ ನಳಿಕೆಗೆ ಹಳೆಯ ಸ್ಟಾಕ್‌ನ ಕಾಲುವೆ ಸಾಲದು, ಸ್ಟಾಕ್ ಕೊಳ್ಳಬೇಕು, ತೂಕ ಏರುತ್ತದೆ, ಬಿಗಿ ಚೇಂಬರ್‌ನದಾದರೆ ಅಗ್ಗದ ತೋಟೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಬದಲಿಸಿ, ಒಳ್ಳೆಯ ತೋಟೆ ಹಾಕಿಯೂ ಸರಾಸರಿ ಎರಡು ಇಂಚಿನಿಂದ ಇಳಿಯದಿದ್ದರೆ ಮಾತ್ರ ಈ ಖರ್ಚು.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಅದೇ ತೋಟೆಯಲ್ಲಿ ಅದೇ ಐದು ಗುಂಪು ಮತ್ತೆ ಹಾರಿಸಿ. ತೆಗೆದ ಮೂಲ ಭಾಗಗಳನ್ನು ಹೆಸರು ಬರೆದ ಚೀಲದಲ್ಲಿ ತುಂಬಿಡಿ. ರೈಫಲ್ ಕಂಪನಿಗೆ ರಿಪೇರಿಗೆ ಹೋಗುವಾಗ ಅವನ್ನೇ ಮತ್ತೆ ಕೂರಿಸಿ ಕಳಿಸುವುದು ಕ್ಷೇಮ.